ಮಾಯದ ಸಾಮಾನು ಎಷ್ಟಿರಬೇಕು

ಆಟದಲ್ಲಿ ಮಾಯದ ಸಾಮಾನು ಕಡಿಮೆ ಇರಬೇಕು. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಈ ಮಾತು ಹೇಳಿದೆ, ಈಗಲೂ ಹೇಳುತ್ತೇನೆ. ಈ ಮಾತಿಗಾಗಿ ಅತ್ಯಂತ ಹತ್ತಿರದ ಗೆಳತಿಯೊಂದಿಗೆ ಮಾತು ಬಿಟ್ಟಿದ್ದೆ. ಕೇಳಿದವರಿಗೆ ಇದೆಲ್ಲ ಮಕ್ಕಳಾಟಿಕೆ ಅನ್ನಿಸಬಹುದು. ಅನ್ನಿಸಲಿ. ನಮಗೆ ಅದು ಆಟವಾಗಿತ್ತು, ಆದರೆ ಮಕ್ಕಳಾಟಿಕೆ ಆಗಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮಧುಗಿರಿಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದೆ. ನಮ್ಮೂರು ಕೊಡಿಗೇನಹಳ್ಳಿ, ಅಪ್ಪನಿಗೆ ಅಲ್ಲಿ ಸೈಕಲ್ ರಿಪೇರಿ ಅಂಗಡಿ. ನಾನಿದ್ದದ್ದು ಹೆಣ್ಣುಮಕ್ಕಳ ಒಂದು ಸಣ್ಣ ಹಾಸ್ಟೆಲ್ಲಿನಲ್ಲಿ. ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದರು. ಹಿತ್ತಿಲಿಗೆ ಬಂದು ಕತ್ತೆತ್ತಿದರೆ ಬೆಟ್ಟ, ಬೆಟ್ಟದ ಮೈಮೇಲೆ ಸಾಲು ಸಾಲು ಕೋಟೆ ಗೋಡೆ. ಬಟ್ಟೆ ಒಗೆಯುವಾಗಲೂ ಅದೇ ಕಾಣುತ್ತಿತ್ತು, ಹಲ್ಲುಜ್ಜುವಾಗಲೂ ಅದೇ.

ಆ ವರ್ಷ ಹಾಸ್ಟೆಲ್ಲಿಗೆ ಸೀತಾಳೆ ಸಿಡುಬು ಬಂತು. ನಾನೂ ಸೇರಿ ನಾಲ್ಕು ಜನಕ್ಕೆ ಮೈತುಂಬ ಗುಳ್ಳೆ ಎದ್ದವು. ಬೇರೆಯವರಿಗೆ ಅಂಟದಿರಲಿ ಎಂದು ನಮ್ಮ ನಾಲ್ವರನ್ನೂ ರಾಗಿ ಮೂಟೆ ಇಡುವ ಕೋಣೆಗೆ ಹಾಕಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಬ್ಬಳು ಪಾವಗಡದವಳು, ಮಾತಿಗೆ ಮೊದಲು ತೆಲುಗು ಬಂದು ಆಮೇಲೆ ಕನ್ನಡ ಬರುತ್ತಿತ್ತು. ಇನ್ನೊಬ್ಬಳು ಕೊರಟಗೆರೆ ತಾಲ್ಲೂಕಿನ ಕೊಳಾಲದವಳು, ಎಲ್ಲದಕ್ಕೂ ಹೆದರುವವಳು, ಹೆದರಿದರೂ ಹಿಂದೆ ಸರಿಯದವಳು. ಮೂರನೆಯವಳು ಸಿರಾ ಕಡೆಯವಳು. ಪಟ್ಟನಾಯಕನಹಳ್ಳಿಯಿಂದ ಒಳಕ್ಕೆ ನಡೆದರೆ ಸಿಗುವ ಕುರಿ ಸಾಕುವವರ ಹಟ್ಟಿಯಿಂದ ಬಂದಿದ್ದಳು. ಅವಳನ್ನು ಹಾಸ್ಟೆಲ್ಲಿನಲ್ಲಿ ಎಲ್ಲರೂ ಹಟ್ಟಿಯವಳು ಎಂದೇ ಕರೆಯುತ್ತಿದ್ದರು. ಅವಳು ಅದಕ್ಕೆ ತಲೆ ಎತ್ತಿಯೇ 'ಓ' ಅನ್ನುತ್ತಿದ್ದಳು.

ಮೊದಲ ಮೂರು ದಿನ ನೆಲದ ಮೇಲೆ ಇದ್ದಿಲಿನಲ್ಲಿ ಮನೆ ಬರೆದು ಚೌಕಾಬಾರ ಆಡಿದೆವು. ನಾಲ್ಕು ಕವಡೆ. ಕಾಯಿಗಳಿಗೆ ಹುಣಿಸೆ ಬೀಜ, ಬಳೆ ಚೂರು, ಕಡ್ಡಿ, ಕಲ್ಲು. ನಾಲ್ಕನೆಯ ದಿನದ ಹೊತ್ತಿಗೆ ಕವಡೆ ಸದ್ದು ಕೇಳಿದರೇ ತಲೆ ಸಿಡಿಯುವಂತಾಯಿತು. ಪಾವಗಡದವಳು ತನ್ನ ಬಳೆ ಚೂರನ್ನು ಮನೆಯಿಂದಾಚೆ ತಳ್ಳಿ, "ನಾನಿನ್ನು ಆಡಲ್ಲಮ್ಮಾ" ಎಂದಳು.

"ಅದು ಬಳೆ ಚೂರಲ್ಲ ಕಣೆ. ಅದು ನೀನು. ಕೋಟೆ ಮೊದಲನೇ ಬಾಗಿಲ ಮುಂದೆ ನಿಂತಿದ್ದೀಯ. ಬಾಗಿಲು ಹಾಕಿದೆ. ಈಗ ಏನು ಮಾಡ್ತೀಯ?" ಎಂದೆ ನಾನು. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು, ಅಷ್ಟೆ.

ಅವಳು ಯೋಚಿಸಿದಳು. "ಗೋಡೆ ಹತ್ತುತೀನಿ."

"ಕವಡೆ ಹಾಕು. ಎರಡಕ್ಕಿಂತ ಹೆಚ್ಚು ಬಿದ್ದರೆ ಹತ್ತಿದೆ, ಇಲ್ಲದಿದ್ದರೆ ಜಾರಿದೆ."

ಒಂದು ಬಿತ್ತು. ಜಾರಿದಳು. ಕೊಳಾಲದವಳು ನಿಜವಾಗಿ ಬಿದ್ದವರನ್ನು ಕಂಡ ಹಾಗೆ "ಅಯ್ಯೋ" ಎಂದು ಕೂಗಿಕೊಂಡಳು. ಅವತ್ತು ಮಧ್ಯಾಹ್ನದ ಗಂಜಿ ಆರಿ ಕೆನೆಗಟ್ಟುವವರೆಗೂ ನಾವು ಕೋಟೆ ಬಾಗಿಲಿನ ಮುಂದೆಯೇ ಇದ್ದೆವು. ನಮ್ಮ ಕೋಟೆಯಾಟ ಹುಟ್ಟಿದ್ದು ಹೀಗೆ. ನಾನು ಕತೆ ಹೇಳುವವಳು, ಅವರು ಮೂವರು ಕತೆಯೊಳಗಿನವರು. ಪಾವಗಡದವಳು ಕತ್ತಿ ಹಿಡಿದ ರಾಣಿಯಾದಳು. ಕೊಳಾಲದವಳು ನಾಟಿ ಔಷಧಿ ಕೊಡುವವಳಾದಳು. ಹಟ್ಟಿಯವಳು ಮಾತ್ರ ತಾನು ಯಾವ ವೇಷವನ್ನೂ ಹಾಕುವುದಿಲ್ಲ, ಕುರಿ ಕಾಯುವವಳಾಗಿಯೇ ಕೋಟೆಗೆ ಬರುತ್ತೇನೆ ಎಂದಳು.

ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು. ಅವರು ನಕ್ಕರೆ ನನಗೆ ಸಂತೋಷ, ಬಾಯಿ ಬಿಟ್ಟುಕೊಂಡು ಕೇಳಿದರೆ ಇನ್ನೂ ಸಂತೋಷ. ಹಾಗಾಗಿ ಪ್ರತಿ ಕಲ್ಲಿನ ಕೆಳಗೂ ಒಂದು ಮಾಯದ ಸಾಮಾನು ಇಡುತ್ತಾ ಹೋದೆ. ಕಣ್ಣಿಗೆ ಹಚ್ಚಿಕೊಂಡರೆ ಯಾರಿಗೂ ಕಾಣದಂತಾಗುವ ಅಂಜನ. ಮೆಟ್ಟಿದರೆ ಹಾರುವ ಚಪ್ಪಲಿ. ತಾನೇ ಹೋಗಿ ಹೊಡೆದು ಬರುವ ಕತ್ತಿ. ಹೊದ್ದರೆ ಬೆಂಕಿಯೂ ತಾಗದ ಕಂಬಳಿ. ತಾಯತ, ಉಂಗುರ, ಮಾತಾಡುವ ತಲೆಬುರುಡೆ. ಗುಳ್ಳೆಗಳು ಒಣಗಿ ಹೊಟ್ಟು ಉದುರುವ ಹೊತ್ತಿಗೆ ಒಬ್ಬೊಬ್ಬರ ಹತ್ತಿರ ಒಂದೊಂದು ಗಂಟು ಸಾಮಾನಿತ್ತು.

ಆಟ ಅಲ್ಲಿಗೆ ಸತ್ತಿತು. ನಾನು ಏಳು ಹೆಡೆಯ ಹಾವು ತಂದರೆ ಕತ್ತಿ ಹೋಗಿ ಕಡಿದು ಬರುತ್ತಿತ್ತು. ಬಾಗಿಲು ಹಾಕಿದರೆ ಚಪ್ಪಲಿ ಮೆಟ್ಟಿ ಹಾರುತ್ತಿದ್ದರು. ಒಂದು ಭಾನುವಾರ ಹಿತ್ತಿಲಿನಲ್ಲಿ ಆಡುತ್ತಿರುವಾಗ ಪಾವಗಡದವಳು ಆಕಳಿಸಿದಳು. "ಏಮಿ ಆಟಮ್ಮಾ ಇದಿ? ಏನ್ ಬಂದ್ರೂ ನನ್ನತ್ರ ಒಂದೈತೆ. ನಾನ್ಯಾಕೆ ಇರ್ಬೇಕು, ಗಂಟೇ ಆಡ್ಲಿ ಬುಡು" ಎಂದಳು.

ಆ ಮಾತು ನನಗೆ ಚೆನ್ನಾಗಿ ತಾಗಿತು. ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ, ನನ್ನ ಒಳ್ಳೆಯ ಕೈಬರಹದಲ್ಲಿ, ಅದುವರೆಗೆ ಹಂಚಿದ ಸಾಮಾನನ್ನೆಲ್ಲ ಪಟ್ಟಿ ಮಾಡಿದೆ. ಮೇಲೆ 'ಕೋಟೆಯಲ್ಲಿರುವ ಮಾಯದ ಸಾಮಾನು' ಎಂದು ಬರೆದು ಗೀಟೆಳೆದೆ. ಮುಂದಿನ ಭಾನುವಾರ ಪಟ್ಟಿಯನ್ನು ಅವರ ಮುಂದಿಟ್ಟು ಹೇಳಿದೆ: "ಇವೆಲ್ಲ ವಾಪಸ್ ಕೊಡಬೇಕು. ಇನ್ನು ಮೇಲೆ ಇಡೀ ಕೋಟೆಗೆ ಒಂದೇ ಒಂದು ಮಾಯದ ಸಾಮಾನು. ಅದು ಎಲ್ಲಿದೆ ಅಂತ ನಾನು ಹೇಳಲ್ಲ."

ರಾಣಿ ಕತ್ತಿ ಕೊಟ್ಟಳು. ನಾಟಿ ವೈದ್ಯೆ ಸ್ವಲ್ಪ ಅತ್ತು ಚಪ್ಪಲಿ ಕೊಟ್ಟಳು. ಹಟ್ಟಿಯವಳು ಕಂಬಳಿ ಕೊಡಲಿಲ್ಲ.

"ಕೊಡಲ್ಲ" ಎಂದಳು.

"ಎಲ್ಲರೂ ಕೊಟ್ಟಿದ್ದಾರೆ."

"ಅವರು ಕೊಟ್ರೆ ಕೊಡ್ಲಿ. ನೀನು ಕೊಟ್ಟಿದ್ದನ್ನ ನೀನೇ ಕಿತ್ಕೊಂಡ್ರೆ ನಾನ್ ಬುಡ್ತೀನಾ? ನಮ್ಮಟ್ಟೀಲಿ ಲಾಟೀನು ಒಂದೇ. ನಂಗೂ ನಮ್ಮಕ್ಕಂಗೂ ಲಂಗ ಒಂದೇ. ಇಲ್ಲಿ ಬಂದ್ರೆ ಇಬ್ರಿಗೆ ಒಂದೇ ಪುಸ್ತಕ. ಸುಮ್ಕೆ ಬಾಯಲ್ಲಿ ಹೇಳೋ ಸಾಮಾನು, ಅದ್ಕೂ ಬರಾನಾ? ಅದ್ನೂ ಅಳ್ದು ಕೊಡ್ತೀಯಾ?"

ಉತ್ತರ ಹೊಳೆಯದಿದ್ದಾಗ ನಾನು ಗಟ್ಟಿಯಾಗಿ ಮಾತಾಡುತ್ತೇನೆ, ಆಗಲೂ ಅದನ್ನೇ ಮಾಡಿದೆ. "ಕತೆ ಹೇಳೋಳು ನಾನು. ನಾನು ಹೇಳಿದ್ದೇ ಆಟ."

"ಅಂಗಾದ್ರೆ ಒಬ್ಳೇ ಆಡ್ಕೊ" ಎಂದು ಅವಳು ಎದ್ದಳು. ಏಳುವಾಗ ಪಟ್ಟಿಯ ಎರಡು ಹಾಳೆಯನ್ನೂ ಎತ್ತಿಕೊಂಡು ಹೋದಳು.

ಆಮೇಲೆ ನಡೆದದ್ದನ್ನು ನಾನು ಆಗ ಒಪ್ಪಿಕೊಂಡಿರಲಿಲ್ಲ. ಅವಳು ಇನ್ನೊಂದು ಕೋಣೆಯ ಹುಡುಗಿಯರನ್ನು ಕೂರಿಸಿಕೊಂಡು ತಾನೇ ಕತೆ ಹೇಳುವವಳಾದಳು. ನಾನು ಲೆಕ್ಕ ಬಿಡಿಸುವ ನೆಪದಲ್ಲಿ ಕಿಟಕಿಯ ಹತ್ತಿರ ಕೂತು ಕೇಳಿಸಿಕೊಂಡೆ. ಅವಳ ಕೋಟೆ ಕೋಟೆಯೇ ಆಗಿರಲಿಲ್ಲ, ಹಟ್ಟಿಯಾಗಿತ್ತು. ಅಲ್ಲಿ ಪ್ರತಿ ಮನೆಯಲ್ಲೂ ಮಾಯದ ಸಾಮಾನು. ಎಷ್ಟು ಬಡಿಸಿದರೂ ಬರಿದಾಗದ ಅಂಬಲಿ ಗಡಿಗೆ, ಆದರೆ ಅದರಲ್ಲಿ ಅಂಬಲಿ ಬಿಟ್ಟು ಬೇರೇನೂ ಬರದು. ಎಣ್ಣೆ ಕೇಳದ ದೀಪ, ಆದರೆ ಸುಳ್ಳು ಹೇಳಿದರೆ ಆರುತ್ತದೆ. ತಪ್ಪಿಸಿಕೊಂಡ ಕುರಿಯನ್ನು ಹೆಸರು ಹಿಡಿದು ಕರೆಯುವ ಕೋಲು. ಎಲ್ಲರ ಮನೆಯಲ್ಲೂ ಇದ್ದದ್ದರಿಂದ ಯಾರಿಗೂ ಅದು ದೊಡ್ಡದಲ್ಲ. ಅತ್ತೆ ಸೊಸೆಗೆ ಗಡಿಗೆ ತೊಳೆಯೆಂದು ಬೈಯುತ್ತಿದ್ದಳು. ತೋಳ ಬಂದಾಗ ಮಾತ್ರ ಗಡಿಗೆಯಿಂದಲೂ ಉಪಯೋಗವಿಲ್ಲ, ದೀಪದಿಂದಲೂ ಇಲ್ಲ. ಹುಡುಗಿಯರೇ ಬುದ್ಧಿ ಓಡಿಸಬೇಕಿತ್ತು. ಅವರ ಕೂಗು, ನಗು ಹಿತ್ತಿಲು ದಾಟಿ ಕೇಳುತ್ತಿತ್ತು.

ಸಾಮಾನು ಅಷ್ಟಿದ್ದೂ ಆಟ ಸಾಯಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅದು ಆಟವೇ ಅಲ್ಲ, ಬರೀ ಅಜ್ಜಿಕತೆ ಎಂದು ಪಾವಗಡದವಳ ಮುಂದೆ ಹೇಳಿದೆ. ಹಟ್ಟಿಯವಳಿಗೆ ಅದು ಮುಟ್ಟಿತು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ಅಷ್ಟರಲ್ಲಿ ಆಟ ಹಾಸ್ಟೆಲ್ ತುಂಬ ಹರಡಿತ್ತು. ಹಟ್ಟಿಯವಳು ಎತ್ತಿಕೊಂಡು ಹೋದ ನನ್ನ ಪಟ್ಟಿಯನ್ನು ಒಬ್ಬೊಬ್ಬರೂ ನಕಲು ಮಾಡಿಕೊಂಡು ಕೆಳಗೆ ತಮ್ಮದನ್ನೂ ಸೇರಿಸಿಕೊಂಡಿದ್ದರು. ಹತ್ತನೆಯ ತರಗತಿಗೆ ಬಂದ ಹೊಸದರಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಮಗಳನ್ನು ನೋಡಲು ಬಂದರು. ಹಾಸಿಗೆ ಸರಿಮಾಡಲು ಹೋದವರಿಗೆ ಅಡಿಯಲ್ಲಿ ಆ ಕಾಗದ ಸಿಕ್ಕಿತು. ಅಂಜನ, ತಾಯತ, ತಲೆಬುರುಡೆ! ಜೊತೆಗೆ ನಾಲ್ಕು ಕವಡೆ. ಆಕೆ ಕಿರುಚಿಕೊಂಡು ಹಜಾರಕ್ಕೆ ಬಂದರು. ಸಂಜೆಯೊಳಗೆ ಬೀದಿಯೆಲ್ಲ ಸುದ್ದಿ: ಹಾಸ್ಟೆಲ್ಲಿನ ಹುಡುಗಿಯರು ಮಾಟ ಕಲಿಯುತ್ತಿದ್ದಾರೆ.

ವಾರ್ಡನ್ ಮೇಡಂ ಕೆಟ್ಟವರಲ್ಲ. ನಮಗೆ ಸಿಡುಬಾದಾಗ ದೂರ ನಿಂತಾದರೂ ದಿನಕ್ಕೆರಡು ಸಲ ಬಂದು ನೋಡಿದವರು. ಆದರೆ ಸುದ್ದಿ ಹಬ್ಬಿದರೆ ಜನ ಹೆಣ್ಣುಮಕ್ಕಳನ್ನು ಓದು ಬಿಡಿಸಿ ಕರೆದುಕೊಂಡು ಹೋಗುತ್ತಾರೆ ಎಂಬ ಭಯ ಅವರಿಗೆ. ಮಾರನೆಯ ಬೆಳಗ್ಗೆ ಎಲ್ಲರ ಟ್ರಂಕೂ ತೆಗೆಸಿದರು. ತಲೆಬುರುಡೆ ಹುಡುಕಿದರು. ಸಿಕ್ಕಿದ್ದು ಉಪ್ಪಿನಕಾಯಿ, ಹುರಿಗಡಲೆ, ಇನ್ನಷ್ಟು ಪಟ್ಟಿ. ಮೂಲ ಹಾಳೆ ಹಟ್ಟಿಯವಳ ಟ್ರಂಕಿನಲ್ಲಿ, ಬರಹ ನನ್ನದು. ಕೋಟೆಯಾಟ ಶುರುಮಾಡಿದ ನಾಲ್ವರೂ ಸಾಲಾಗಿ ನಿಂತೆವು.

"ಇಷ್ಟೊಂದು ಸಾಮಾನು ಬರೆದಿದ್ದೀರಲ್ಲ, ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಮೇಡಂ. ಅವೆಲ್ಲ ಬೇಡ ಅಂತಲೇ ನಾನು ಬರೆದದ್ದು" ಎಂದೆ.

ಅದು ಸತ್ಯ. ಆದರೆ ಆ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಸುಳ್ಳು ಬೇರೆ ಇರಲಾರದು ಎಂಬಂತೆ ಕೇಳಿಸಿತು. ಹಟ್ಟಿಯವಳು ಪಕ್ಕದಲ್ಲಿ ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು. ತಿಂಗಳುಗಳ ಮೇಲೆ ಮೊದಲ ಸಲ ನಾನೂ ಅವಳ ಕಡೆ ನೋಡಿದೆ.

ಮೇಡಂ ಒಂದು ತಪ್ಪೊಪ್ಪಿಗೆ ಹೇಳಿ ಬರೆಸತೊಡಗಿದರು. 'ನಾವು ಮಾಟ ಮಂತ್ರದ ಆಟ ಆಡಿದ್ದು ತಪ್ಪಾಯಿತು, ಇನ್ನು ಮೇಲೆ ಆಡುವುದಿಲ್ಲ' ಎಂದು. ಅದನ್ನು ಗೋಡೆಗೆ ಅಂಟಿಸಿದರೆ ಬಂದುಹೋಗುವ ತಂದೆತಾಯಿಗಳಿಗೆ ಸಮಾಧಾನವಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಪಾವಗಡದವಳು ಬರೆದಳು. ಕೊಳಾಲದವಳು ನಮ್ಮಿಬ್ಬರ ಮುಖವನ್ನೂ ನೋಡಿ ನೋಡಿ, ಕೊನೆಗೆ ಬರೆದಳು. ಅವಳ ಮೇಲೆ ನನಗೆ ಎಷ್ಟೋ ದಿನ ಸಿಟ್ಟಿತ್ತು. ಈಗಿಲ್ಲ.

ನಾನು ಪೆನ್ನು ಕೆಳಗಿಟ್ಟೆ. "ಆಟ ಆಡಿದ್ದು ನಿಜ ಮೇಡಂ, ಅಷ್ಟು ಬರೆದುಕೊಡ್ತೀನಿ. ಮಾಟ ಅನ್ನೋದು ಸುಳ್ಳು. ಅದನ್ನ ಬರೆಯಲ್ಲ."

"ಬರೆಯದಿದ್ದರೆ ಹಾಸ್ಟೆಲ್ ಬಿಡಬೇಕಾಗುತ್ತೆ."

"ಬಿಡ್ತೀನಿ."

ಆಗ ಪಕ್ಕದಿಂದ ಇನ್ನೊಂದು ಪೆನ್ನು ಮೇಜಿನ ಮೇಲೆ ಬಿದ್ದ ಸದ್ದಾಯಿತು. "ನಾನೂ ಬರಿಯಲ್ಲ" ಎಂದಳು ಹಟ್ಟಿಯವಳು.

ನನಗಾದರೆ ಕೊಡಿಗೇನಹಳ್ಳಿಗೆ ಬಸ್ಸಿತ್ತು. ಅವಳಿಗೆ ಹಾಸ್ಟೆಲ್ ಬಿಡುವುದೆಂದರೆ ಓದು ಬಿಡುವುದು. ಅದು ಗೊತ್ತಿದ್ದೇ ಅವಳು ಪೆನ್ನು ಇಟ್ಟಳು. ಅವಳ ಧೈರ್ಯದ ಮುಂದೆ ನನ್ನದು ಏನೂ ಅಲ್ಲ.

ಮನೆಗಳಿಗೆ ಕಾಗದ ಹೋಯಿತು. ಅಪ್ಪ ಕೈಯಲ್ಲಿ ಗ್ರೀಸಿನ ಕಲೆ ಹಾಗೇ ಇಟ್ಟುಕೊಂಡು ಬಂದರು. ಹಟ್ಟಿಯಿಂದ ಬಂದದ್ದು ಅವಳ ಅಜ್ಜಿ. ಗಂಡಸರೆಲ್ಲ ಕುರಿ ಹೊಡೆದುಕೊಂಡು ಮೇವು ಇರುವ ಕಡೆ ಹೋಗಿದ್ದರು. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಆ ಅಜ್ಜಿ ಬೆಂಚಿನ ಮೇಲೆ ಕೂರಿ ಅಂದರೂ ಕೂರದೆ, ನನ್ನ ಕಡೆ ತಿರುಗಿ ಕೇಳಿದಳು.

"ನೀನೇನಾ ಬರ್ದೋಳು? ಓದವ್ವ, ಏನೈತೆ ಅದ್ರಾಗೆ ನೋಡಾನ."

ನಾನು ಓದಿದೆ. ಹಟ್ಟಿಯವಳು ಕೆಳಗೆ ಸೇರಿಸಿಕೊಂಡಿದ್ದ ಅಂಬಲಿ ಗಡಿಗೆಗೆ ಬಂದಾಗ ಅಜ್ಜಿ ಕೈಯೆತ್ತಿ ನಿಲ್ಲಿಸಿದಳು.

"ಇದು ನಾನು ಹೇಳಿದ್ದು. ನಮ್ಮವ್ವ ನಂಗೆ ಹೇಳಿದ್ಲು, ನಾನು ಇವ್ಳಿಗೆ ಹೇಳ್ದೆ. ಕತೆ ಇದು. ಮಾಟ ಗೀಟ ಅಂತ ಏನಾರ ಕೇಳಾದಿದ್ರೆ ನನ್ನ ಕೇಳಿ ತಾಯಿ, ಮಕ್ಕಳ್ನ ಯಾಕೆ ನಿಲ್ಸಿದ್ದೀರಾ?"

"ಅಜ್ಜಿ, ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಜನಕ್ಕೆ ಅರ್ಥ ಆಗಲ್ಲ. ಒಂದು ಸಹಿ ಹಾಕಿದರೆ ಮುಗಿದುಹೋಗುತ್ತೆ" ಎಂದರು ಮೇಡಂ. ಅವರ ದನಿ ಮೆತ್ತಗಾಗಿತ್ತು.

"ನಮ್ಮಟ್ಟಿ ಹೆಣ್ಮಕ್ಕಳಾಗೆ ಸಹಿ ಹಾಕಾದು ಕಲ್ತೋಳು ಇವ್ಳೇ ಮೊದ್ಲು. ಸುಳ್ಳಿಗೆ ಹಾಕ್ಲಿ ಅಂತ ನಾನು ಕಳ್ಸಿದ್ನಾ?"

ಅಪ್ಪ ಕೆಮ್ಮಿ, "ಟ್ರಂಕ್ ತಗೊಂಡ್ ಬಾರಮ್ಮ" ಎಂದರು. ಅಷ್ಟೇ. ನನಗೆ ಬೈಯಲಿಲ್ಲ, ಮೇಡಂಗೂ ಒಂದು ಮಾತು ಎದುರಾಡಲಿಲ್ಲ.

ಹೊರಗೆ ರಸ್ತೆಯಲ್ಲಿ ಎರಡು ಟ್ರಂಕು, ನಾವು ನಾಲ್ಕು ಜನ. ಅಜ್ಜಿ ಸಿರಾ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಹಟ್ಟಿಯವಳು ಬಸ್ಸು ಬರುವ ದಿಕ್ಕಿಗೆ ನೋಡದೆ ಶಾಲೆಯ ದಿಕ್ಕಿಗೇ ನೋಡುತ್ತಿದ್ದಳು. ನಾನು ಅಪ್ಪನ ತೋಳು ಹಿಡಿದು, "ಇವಳು ಹೋದರೆ ನಾನೂ ಶಾಲೆಗೆ ಹೋಗಲ್ಲ" ಎಂದೆ. ಮಾತು ಬಿಟ್ಟ ಗೆಳತಿಯ ಪರವಾಗಿ ಹಟ ಹಿಡಿಯುವುದು ಹೇಗಿರುತ್ತದೆ ಎಂಬುದನ್ನು ಹಿಡಿದವರೇ ಬಲ್ಲರು.

ಅಪ್ಪ ಅಜ್ಜಿಗೆ ಹೇಳಿದರು: "ಅವ್ವಾ, ನಮ್ಮನೇಲಿ ಒಂದು ಹುಡುಗಿ ಐತೆ, ಇನ್ನೊಂದು ಇರ್ಲಿ. ದಿನಾ ಇಬ್ರೂ ಬಸ್ಸಲ್ಲಿ ಬಂದು ಹೋಗ್ಲಿ. ಪರೀಕ್ಷೆ ಮುಗ್ಯೋಗಂಟ."

ಅಜ್ಜಿ ಅಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಹೆಗಲ ಕಂಬಳಿ ತೆಗೆದು ಮೊಮ್ಮಗಳ ಟ್ರಂಕಿನ ಮೇಲೆ ಹಾಕಿ, "ಚಳಿಗಾಲಕ್ಕೆ ಬೇಕಾಯ್ತದೆ" ಎಂದಳು.

ಮನೆಯಲ್ಲಿ ಅಮ್ಮ ಮೊದಲು ಗಾಬರಿಯಾದಳು, ಆಮೇಲೆ ಇನ್ನೊಂದು ತಟ್ಟೆ ಇಟ್ಟಳು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಆ ಹುಡುಗಿ ಯಾರ ಪೈಕಿ?" ಎಂದು ರಾಗ ಎಳೆದಳು. "ನಮ್ಮ ಮಗಳ ಪೈಕಿ" ಎಂದು ಅಮ್ಮ ಒಳಗಿನಿಂದಲೇ ಹೇಳಿದಳು. ಇನ್ನೊಮ್ಮೆ ಯಾರೂ ಕೇಳಲಿಲ್ಲ.

ಹಿಂದೂಪುರದಿಂದ ಮಧುಗಿರಿಗೆ ಹೋಗುವ ಬೆಳಗಿನ ಬಸ್ಸಿಗೆ ನಾವು ಹತ್ತುತ್ತಿದ್ದೆವು. ಕೂರಲು ಸೀಟು ಸಿಕ್ಕಿದ ದಿನ ನೆನಪಿಲ್ಲ. ಮೊದಲ ವಾರ ಅವಳೂ ನಾನೂ 'ಜರುಗು', 'ಇಳಿ' ಬಿಟ್ಟು ಬೇರೆ ಮಾತಾಡಲಿಲ್ಲ. ಎರಡನೆಯ ವಾರ ಬಸ್ಸು ಕೆಟ್ಟು ಒಂದು ಹೊಂಗೆ ಮರದ ಕೆಳಗೆ ನಿಂತಿತು. ಬಿಸಿಲು. ಎಲ್ಲರೂ ಇಳಿದು ಕೂತೆವು. ಅವಳು ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಾ ನನ್ನ ಮುಖ ನೋಡದೆ ಕೇಳಿದಳು.

"ಆ ಒಂದು ಸಾಮಾನು ಅಂದಿದ್ದೆಯಲ್ಲ. ಏನದು?"

"ಏನಾದರೇನು, ನಿನಗೆ ಅಜ್ಜಿಕತೆ ಇದೆಯಲ್ಲ."

"ಹೇಳ್ದಿದ್ರೆ ಬುಡು."

ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದೆ. ಎಷ್ಟು ಹೊತ್ತು ಬಿಗಿದುಕೊಳ್ಳಲಿ? "ಸೂಜಿ" ಎಂದೆ. "ಏನನ್ನು ಬೇಕಾದರೂ ಹೊಲಿಯೋ ಸೂಜಿ. ಕಲ್ಲನ್ನೂ ಹೊಲಿಯುತ್ತೆ, ನೀರನ್ನೂ ಹೊಲಿಯುತ್ತೆ. ಆದರೆ ದಾರ ಒಂದೇ ಸಲಕ್ಕಾಗೋವಷ್ಟು."

ಅವಳ ಕಡ್ಡಿ ನಿಂತಿತು. "ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ."

"ಹೂಂ. ಶುರು ಮಾಡು" ಎಂದಳು.

ಅಲ್ಲಿಂದ ಆಟ ಬಸ್ಸಿನೊಳಕ್ಕೆ ಬಂತು. ಕವಡೆ ಹಾಕಲು ಜಾಗವಿಲ್ಲದ್ದರಿಂದ ಎದುರಿಗೆ ಬರುವ ಗಾಡಿಯನ್ನೇ ಕವಡೆ ಮಾಡಿಕೊಂಡೆವು. ಲಾರಿ ಬಂದರೆ ಗೆಲುವು, ಎತ್ತಿನ ಗಾಡಿ ಬಂದರೆ ಸೋಲು, ಸೈಕಲ್ ಬಂದರೆ ಇನ್ನೊಮ್ಮೆ. ಅವಳಿಗೆ ಎರಡನೆಯ ತಿಂಗಳಲ್ಲಿ ಸೂಜಿ ಸಿಕ್ಕಿತು. ಸಿಕ್ಕಿದ ದಿನ ಬಸ್ಸಿನಲ್ಲಿ ಕುಣಿದಾಡಿಬಿಟ್ಟಳು. ಮಧುಗಿರಿಗೆ ಕನಕಾಂಬರ ಮಾರಲು ಹೋಗುತ್ತಿದ್ದ ಹೂವಿನಾಕೆ, ಏನು ಸಿಕ್ಕಿತಮ್ಮ ಎಂದು ಗಾಬರಿಯಿಂದ ಕೇಳಿದಳು. ಹೇಳಿದೆವು. ಅವತ್ತಿನಿಂದ ಹೂವಿನಾಕೆಯೂ ಆಟದೊಳಗೆ. ಕಂಡಕ್ಟರು ಟಿಕೆಟ್ ಹರಿಯುತ್ತಾ ಹಿಂದಿನಿಂದ ಮುಂದಕ್ಕೆ ಬರುವಾಗ, "ಏಮಮ್ಮಾ, ಸೂಜಿ ಉಂದಾ, ವಾಡೇಸಿನಾರಾ?" ಎಂದು, ಸೂಜಿ ಇದೆಯಾ ಇಲ್ಲ ಬಳಸಿಬಿಟ್ಟಿರಾ ಎಂದು ತೆಲುಗಿನಲ್ಲಿ ಕೇಳುವುದು ರೂಢಿಯಾಯಿತು.

ಹಟ್ಟಿಯವಳು ಎಷ್ಟೋ ದಿನ ಸೂಜಿ ಬಳಸಲೇ ಇಲ್ಲ. ಸೇತುವೆ ಮುರಿದಾಗ ಹೂವಿನಾಕೆ, "ಈಗ ಹೊಲ್ದ್‌ಬುಡವ್ವ" ಎಂದಳು. ಅವಳು ಹಗ್ಗ ಕಟ್ಟಿ ದಾಟಿದಳು. ಕೋಟೆ ಆಳುವ ಪಾಳೆಗಾರನ ಸೈನ್ಯ ಅಟ್ಟಿಸಿಕೊಂಡು ಬಂದಾಗ ಕಂಡಕ್ಟರು, ಕಣಿವೆಯ ಬಾಯಿ ಹೊಲಿದುಬಿಡು ಎಂದರು. ಅವಳು ಕುರಿ ಮಂದೆಯ ನಡುವೆ ಬಗ್ಗಿಕೊಂಡು ತಪ್ಪಿಸಿಕೊಂಡಳು. ಒಂದೇ ಇದೆ ಎಂದು ಗೊತ್ತಿದ್ದರಿಂದಲೇ ಅವಳ ಬುದ್ಧಿ ಅಷ್ಟು ಚುರುಕಾಗಿ ಓಡಿತು. ಇಡೀ ಬಸ್ಸು ಉಸಿರು ಹಿಡಿದು ಕೂತದ್ದೂ ಅದಕ್ಕೇ. ನಾನು ಹೇಳಿದ್ದು ಇದನ್ನೇ ತಾನೆ?

ಕೊನೆಗೆ ಪಾಳೆಗಾರನ ಮನೆಯೊಳಕ್ಕೆ ನುಗ್ಗಿದಳು. ಅಲ್ಲಿ ಪಾಳೆಗಾರನಿರಲಿಲ್ಲ. ಅವನ ಹೆಂಡತಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಕೂಸಿನ ಹೊಟ್ಟೆಯಲ್ಲಿ ಗಾಯ, ರಕ್ತ ನಿಲ್ಲುತ್ತಿಲ್ಲ. ಇನ್ನೊಂದು ಕಡೆ ಕೋಟೆಯ ಕೊನೆಯ ಬಾಗಿಲು ತೆರೆದಿದೆ, ಸೈನ್ಯ ಒಳಗೆ ಬರುತ್ತಿದೆ. ಬಾಗಿಲು ಹೊಲಿದರೆ ಅವಳು ಗೆದ್ದಂತೆ. ನಾನು ಬೇಕೆಂತಲೇ ಹಾಗೆ ಇಟ್ಟಿದ್ದೆ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಕೂಸಿನ ಗಾಯ ಹೊಲೀತೀನಿ" ಎಂದಳು.

ಹೂವಿನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಡಕ್ಟರು ಸೀಟಿ ಊದುವುದನ್ನು ಮರೆತದ್ದರಿಂದ ಒಬ್ಬ ಯಜಮಾನರು ತಮ್ಮ ಸ್ಟಾಪು ದಾಟಿಹೋಯಿತೆಂದು ಕೂಗಾಡಿದರು. ನಾನು ಗೆದ್ದವಳಂತೆ ಹೇಳಿದೆ: "ನೋಡಿದೆಯಾ? ಒಂದೇ ಇದ್ದದ್ದಕ್ಕೆ ತಾನೇ ನೀನು ಕೊಟ್ಟದ್ದಕ್ಕೆ ಬೆಲೆ ಬಂದದ್ದು? ಗಂಟುಗಟ್ಟಲೆ ಇದ್ದಿದ್ದರೆ ಯಾರಾದರೂ ಅಳುತ್ತಿದ್ದರಾ?"

ಅವಳು ನನ್ನ ಕಡೆ ತಿರುಗಿದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಬಾಯಿ ಸೋತಿರಲಿಲ್ಲ.

"ಎಲ್ಲಾರ ಮನೇಲೂ ಒಂದೊಂದು ಸೂಜಿ ಇದ್ದಿದ್ರೆ ಆ ಕೂಸು ನಾನು ಬರೋಗಂಟ ಯಾಕ್ ನೋಯ್ಬೇಕಿತ್ತು? ನಿಮಗೆಲ್ಲ ಅಳು ಬರ್ಲಿ ಅಂತ ಅದು ನೋಯ್ಬೇಕಾ?"

ಬಸ್ಸಿನಲ್ಲಿ ವಾದ ಹತ್ತಿಕೊಂಡಿತು. ಹೂವಿನಾಕೆ ಅವಳ ಕಡೆ. ಎಂಟು ಹೆತ್ತು ಮೂರು ಉಳಿಸಿಕೊಂಡವಳು, ಅವಳಿಗೆ ಬೇರೆ ಕಾರಣ ಬೇಕಿರಲಿಲ್ಲ. ಕಂಡಕ್ಟರು ನನ್ನ ಕಡೆ, ಎಲ್ಲರ ಹತ್ತಿರವೂ ಇದ್ದರೆ ಕತೆ ಎಲ್ಲಿ ಉಳಿಯುತ್ತದೆ ಎಂದರು. ಸ್ಟಾಪು ತಪ್ಪಿಸಿಕೊಂಡ ಯಜಮಾನರು ಸೂಜಿಯನ್ನು ಬಾಡಿಗೆಗೆ ಕೊಡಬಹುದಿತ್ತು ಎಂದು ಹೇಳಿ ಎಲ್ಲರ ಕೈಲೂ ಬೈಸಿಕೊಂಡರು. ಮಧುಗಿರಿ ಬಂದರೂ ತೀರ್ಮಾನವಾಗಲಿಲ್ಲ. ಇಂದಿಗೂ ಆಗಿಲ್ಲ.

ಡಿಸೆಂಬರಿನಲ್ಲಿ ವಾರ್ಡನ್ ಮೇಡಂ ಶಾಲೆಯ ಗೇಟಿನ ಹತ್ತಿರ ನಮಗಾಗಿ ಕಾದಿದ್ದರು. ಸುದ್ದಿ ತಣ್ಣಗಾಗಿದೆ, ಏನೂ ಬರೆದುಕೊಡುವುದು ಬೇಡ, ಪರೀಕ್ಷೆ ಹತ್ತಿರ ಬಂತು, ಹಾಸ್ಟೆಲ್ಲಿಗೆ ಬನ್ನಿ ಎಂದರು. ಅವರು ಕೇಳಿದ ರೀತಿಯಲ್ಲಿ ಪ್ರೀತಿಯೇ ಇತ್ತು. ಹಟ್ಟಿಯವಳು ಕೇಳಿದಳು: "ಗೋಡೆ ಮೇಲಿನ ಆ ಕಾಗದ ತೆಗ್ದಿದ್ದೀರಾ ಮೇಡಂ?"

ತೆಗೆದಿರಲಿಲ್ಲ. ಪಾವಗಡದವಳ, ಕೊಳಾಲದವಳ ಹೆಸರು ಹೊತ್ತು ಅದು ಇನ್ನೂ ಅಲ್ಲೇ ಇತ್ತು.

"ತೆಗ್ದ್ ಮೇಲೆ ಬತ್ತೀವಿ" ಎಂದಳು. ನಾನೂ ತಲೆಯಾಡಿಸಿದೆ. ಎರಡು ದಿನದ ಮೇಲೆ ಕಾಗದ ಹೋಯಿತೆಂದು ಕೊಳಾಲದವಳು ತರಗತಿಯಲ್ಲಿ ಬಂದು ಹೇಳಿ, ನಮ್ಮಿಬ್ಬರನ್ನೂ ತಬ್ಬಿಕೊಂಡು ಅತ್ತಳು. ಆದರೂ ನಾವು ಹಾಸ್ಟೆಲ್ಲಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಹೂವಿನಾಕೆ ಕತೆ ಹೇಳುವ ಸರದಿ ನಡೆಯುತ್ತಿತ್ತು, ಅದನ್ನು ಅರ್ಧಕ್ಕೆ ಬಿಟ್ಟುಹೋಗುವಂತಿರಲಿಲ್ಲ.

ಇಬ್ಬರೂ ಎಸ್ಸೆಸ್ಸೆಲ್ಸಿ ಪಾಸಾದೆವು. ಅವಳು ನರ್ಸ್ ತರಬೇತಿಗೆ ಸೇರಿ ಪಾವಗಡ ಸೀಮೆಯ ಹಳ್ಳಿಗಳಲ್ಲಿ ಕೆಲಸಕ್ಕೆ ಹೋದಳು, ನಾನು ಕೊರಟಗೆರೆ ಕಡೆ ಮೇಷ್ಟ್ರು ಕೆಲಸಕ್ಕೆ. ಅವಳು ಬರೆಯುವ ಕಾಗದಗಳಲ್ಲಿ ಎರಡು ಸಾಲು ಕ್ಷೇಮಸಮಾಚಾರ, ಉಳಿದದ್ದೆಲ್ಲ ಅದೇ ಸೂಜಿಯ ವಾದ.

ಎಂಬತ್ತರ ದಶಕದ ಕೊನೆಗೆ ಒಂದು ರಜೆಯ ದಿನ ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ತಮ್ಮ ಇಂಜಿನಿಯರಿಂಗ್ ಓದುತ್ತಿದ್ದವನು, ಮೂವರು ಸ್ನೇಹಿತರ ಜೊತೆ ನಡುಮನೆಯಲ್ಲಿ ಕೂತು ಜಗಳವಾಡುತ್ತಿದ್ದ. ಮುಂದೆ ಹೊರದೇಶದಿಂದ ಯಾರೋ ತಂದುಕೊಟ್ಟ ದಪ್ಪ ಪುಸ್ತಕ, ಬಗೆಬಗೆಯ ಮುಖಗಳ ದಾಳ. ಒಬ್ಬ ಕತೆ ಹೇಳಬೇಕು, ಉಳಿದವರು ಕತೆಯೊಳಗಿನವರಾಗಬೇಕು. ನನಗೆ ನಗು ಬಂತು. ಜಗಳ ಯಾವುದರ ಬಗ್ಗೆ ಗೊತ್ತೆ? ಮಾಯದ ಕತ್ತಿಗಳನ್ನು ಎಷ್ಟು ಕೊಡಬೇಕು ಎಂಬುದರ ಬಗ್ಗೆ. ಪುಸ್ತಕದಲ್ಲಿ ಪುಟಗಟ್ಟಲೆ ಪಟ್ಟಿಯಿತ್ತು.

"ಕಡಿಮೆ ಕೊಡಿ. ಆದರೆ ಯಾಕೆ ಕಡಿಮೆ ಅಂತ ಅವರು ಕೇಳಿದರೆ ಉತ್ತರ ಹೇಳೋ ಧೈರ್ಯ ಇಟ್ಟುಕೊಂಡು ಕೊಡಿ" ಎಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಟೀಚರ್, ಇದು ಫಾರಿನ್ ಆಟ. ರೂಲ್ಸು ತುಂಬಾ ಇದೆ, ನಿಮಗೆ ಗೊತ್ತಾಗಲ್ಲ" ಎಂದ ಆ ತಮ್ಮ, ಮರ್ಯಾದೆಯಾಗಿಯೇ.

ನಾನು ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಕೂತೆ. "ಪುಸ್ತಕ ಮುಚ್ಚಪ್ಪ. ನೀವು ನಾಲ್ಕೂ ಜನ ಒಂದು ಬಂಡೆಯ ಕೆಳಗಿದ್ದೀರಿ. ಕೈಯಲ್ಲಿ ಏನೂ ಇಲ್ಲ. ಮೇಲಿನಿಂದ ಯಾರೋ ಅಳುವ ಸದ್ದು ಕೇಳ್ತಿದೆ. ಈಗ ಹೇಳಿ, ಯಾರು ಮೊದಲು ಹತ್ತುತೀರಿ?"